ಉಪ್ಪಿನ ಸಮೇತ ಬಂದ ದೂರು

ಹಿರೇಕೋಟೆಯ ರಾಜ ಭೈರನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ನನ್ನ ಬೇಹುಗಾರರ ಮೇಲೆ ದೂರಿದ್ದರೆ ಬರೆದು ಹಾಕಲಿ ಅಂತ ಅರಮನೆ ಬಾಗಿಲಲ್ಲೇ ಪೆಟ್ಟಿಗೆ ಇಟ್ಟೆ. ವರ್ಷವಾಯಿತು, ನನಗೆ ಒಂದು ಚೀಟಿಯೂ ಬಂದಿಲ್ಲ! ಪ್ರಜೆಗಳು ಎಷ್ಟು ಸುಖವಾಗಿದ್ದಾರೆ ನೋಡಿ!"

ಸಭೆ ತಲೆಯಾಡಿಸಿತು. ಆಸ್ಥಾನದ ಹಾಸ್ಯಗಾರ ಓಬಳಯ್ಯನಿಗೆ ಮಾತ್ರ ಮೈ ಉರಿಯಿತು. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಬೇಹುಗಾರರ ಮುಖ್ಯಸ್ಥ ಜಟ್ಟಪ್ಪನ ಸೊಂಟದಲ್ಲಿ! 'ಸೊಸೆ ಹೆರುವಾಗಲೂ ಕಿಟಕಿ ಕೆಳಗೆ ಬೇಹುಗಾರ ಕೂತಿದ್ದ' ಎಂದು ಬರೆದು ಹಾಕಿದ ಕುಂಬಾರ ಗುರುಸಿದ್ಧ ಮೂರು ತಿಂಗಳಿಂದ ಸೆರೆಮನೆಯಲ್ಲಿದ್ದ. ಅವನ ಹೆಂಡತಿ ನೀಲವ್ವ ಆ ಬೆಳಿಗ್ಗೆಯಷ್ಟೇ ಓಬಳಯ್ಯನ ಮುಂದೆ ಅತ್ತು ಹೋಗಿದ್ದಳು.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತ ಓಬಳಯ್ಯ ಕಿಟಕಿಯತ್ತ ನೋಡಿದ. ಹೊರಗೆ ಬೇಹುಗಾರನ ರುಮಾಲಿನ ತುದಿ ಕಂಡಿತು. ಭೇಷ್! ಬೇಹುಗಾರ ಕೇಳಿದ್ದನ್ನೆಲ್ಲ ಮರುದಿನ ಸಭೆಯಲ್ಲಿ ರಾಜನೆದುರು ತಾನೇ ಒಪ್ಪಿಸಬೇಕು, ಒಂದು ಮಾತು ಬಿಟ್ಟರೂ ನಾಲಿಗೆಗೆ ಕತ್ತರಿ. ಇದು ರಾಜನದೇ ಕಟ್ಟಳೆ.

"ಲೇ ಇವಳೇ," ಓಬಳಯ್ಯ ಹೆಂಡತಿಯತ್ತ ಗಂಟಲು ಹರಿಯುವಂತೆ ಕೂಗಿದ, "ನಮ್ಮ ರಾಜನಂಥ ಪೆದ್ದ ಇನ್ನೊಬ್ಬನಿಲ್ಲ ಕಣೇ!"

"ಅಯ್ಯೋ, ಮೆಲ್ಲಗೆ ಮಾತಾಡ್ರೀ!"

"ಜಟ್ಟಪ್ಪನ ಮೇಲಿನ ದೂರು ಜಟ್ಟಪ್ಪನ ಕೈಗೇ ಹೋಗುತ್ತೆ! ಗುರುಸಿದ್ಧನ ಅರ್ಜಿ ಒಲೆಗೆ, ಗುರುಸಿದ್ಧ ಸೆರೆಮನೆಗೆ! ಅಂದಹಾಗೆ, ಸಾರಿಗೆ ಉಪ್ಪೇ ಇಲ್ಲವಲ್ಲೇ!"

"ಹಾಕ್ಕೊಳ್ಳಿ. ಕೈಗೇನಾಗಿದೆ?"

ಮರುದಿನ ಸಭೆಯಲ್ಲಿ ಬೇಹುಗಾರ ಶುರುಮಾಡಿದ: "ನಮ್ಮ ರಾಜನಂಥ ಪೆದ್ದ..."

"ಸಾಕು ಬಿಡೋ!" ಜಟ್ಟಪ್ಪ ಹಲ್ಲು ಕಡಿದ.

"ಮುಂದೆ?" ಎಂದ ರಾಜ.

ಪಾಪ, ಬೇಹುಗಾರ ನಾಲಿಗೆ ಉಳಿಸಿಕೊಳ್ಳುವ ಆಸೆಗೆ ಉಪ್ಪಿನವರೆಗೂ ಒಪ್ಪಿಸಿದ.

ರಾಜ ಕೆಂಡವಾದ. "ಓಬಳಯ್ಯ! ದೂರಿದ್ದರೆ ಪೆಟ್ಟಿಗೆಗೆ ಹಾಕಬೇಕಿತ್ತು!"

"ಪೆಟ್ಟಿಗೆಗೆ ಹಾಕಿದ್ದು ಮೂರು ತಿಂಗಳಾದರೂ ತಮ್ಮನ್ನು ಮುಟ್ಟಲಿಲ್ಲ, ಪ್ರಭು. ಹೆಂಡತಿಗೆ ಹೇಳಿದ್ದು ಒಂದೇ ದಿನಕ್ಕೆ ಮುಟ್ಟಿತು, ಉಪ್ಪಿನ ಸಮೇತ! ಈ ರಾಜ್ಯದಲ್ಲಿ ಅರ್ಜಿ ಕೊಡೋಕೆ ಇದೇ ಹತ್ತಿರದ ದಾರಿ."

ರಾಜ ಜಟ್ಟಪ್ಪನ ಕಡೆ ತಿರುಗಿದ. ಜಟ್ಟಪ್ಪನ ಕೈ ತಾನಾಗಿ ಸೊಂಟದ ಬೀಗದ ಕೈಯನ್ನು ಮುಚ್ಚಿತು. ರಾಜನಿಗೆ ಅಷ್ಟೇ ಸಾಕಾಯಿತು. ಗುರುಸಿದ್ಧನನ್ನು ಆಗಲೇ ಬಿಡಿಸಿದ, ಜಟ್ಟಪ್ಪನನ್ನು ಅದೇ ಕೋಣೆಗೆ ಕಳಿಸಿದ.

"ಇನ್ನು ಯಾರ ಕಿಟಕಿ ಕೆಳಗೂ ಯಾರೂ ಕೂರಕೂಡದು. ಪೆಟ್ಟಿಗೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ," ಎಂದು ರಾಜ ನಕ್ಕ. "ಈಗ ಹೇಳು ಓಬಳಯ್ಯ, ನಾನಿನ್ನೂ ಪೆದ್ದನೇ?"

ಓಬಳಯ್ಯ ಕೈಮುಗಿದ.

"ಬರೆದು ಪೆಟ್ಟಿಗೆಗೆ ಹಾಕ್ತೀನಿ, ಪ್ರಭು. ತಾವೇ ತೆಗೆದು ಓದಿಕೊಳ್ಳಿ."