ಹೆಡ್‌ಮಾಸ್ಟರ ಗಡ್ಡದ ನೀರು

ಟ್ಯಾಂಕು ದಿನಾ ಬೆಳಿಗ್ಗೆಯೇ ಖಾಲಿಯಾಗುತ್ತಿತ್ತು. ನಿವೃತ್ತ ಹೆಡ್‌ಮಾಸ್ಟರು ವಿರೂಪಾಕ್ಷಪ್ಪನವರು ಮನೆಗೆಲಸದ ಚೌಡಮ್ಮನ ಮೇಲೆ ಹರಿಹಾಯ್ದರು. "ಪಾತ್ರೆ ತೊಳೆಯೋಕೆ ಎಷ್ಟು ನೀರು ಸುರೀತೀಯೆ? ನಾಳೆಯೂ ಹಿಂಗಾದ್ರೆ ಕೆಲಸಕ್ಕೆ ಬರಲೇಬೇಡ!"

ಚೌಡಮ್ಮನಿಗೆ ಕೆಲಸಕ್ಕೆ ಅಂತ ಇದ್ದದ್ದು ಇದೊಂದೇ ಮನೆ.

ಮರುದಿನ ಬೇಸಿನ್ನಿನ ಕೆಳಗಿನ ಪೈಪು ಬಿಚ್ಚಿ ಬಕೆಟ್ ಇಟ್ಟಳು. ಹೆಡ್‌ಮಾಸ್ಟರು ಎಂದಿನಂತೆ ನಲ್ಲಿ ಬಿಟ್ಟುಕೊಂಡೇ ಗಡ್ಡ ಹೆರೆಯತೊಡಗಿದರು. ಬಾಯಲ್ಲಿ ನೀರುಳಿತಾಯದ ಉಪದೇಶ. ಬಕೆಟ್ ತುಂಬಿತು. ಇನ್ನೊಂದಿಟ್ಟಳು. ಅದೂ ತುಂಬಿತು.

"ಏನೇ ಇದು?"

"ನಿಮ್ಮ ಗಡ್ಡ ಸ್ವಾಮಿ. ಆಗಲೇ ಎರಡು ಬಕೆಟ್ ಆಯ್ತು, ಇನ್ನೂ ಒಂದು ಕೆನ್ನೆ ಬಾಕಿ. ನನ್ನ ಪಾತ್ರೆಗೆಲ್ಲ ಅರ್ಧ ಬಕೆಟ್ ಸಾಕಾಯ್ತು. ಇದನ್ನ ಕಕ್ಕಸಿಗೆ ಹಾಕ್ಲಾ, ಅಂಗಳ ತೊಳೀಲಾ?"

ಹೆಡ್‌ಮಾಸ್ಟರು ನಲ್ಲಿ ನಿಲ್ಲಿಸಿದರು. ನೊರೆ ಮೆತ್ತಿದ ಕೆನ್ನೆಯಲ್ಲೇ ಚೌಡಮ್ಮನತ್ತ ತಿರುಗಿದರು. ಆಮೇಲೆ ಮೆಲ್ಲಗೆ ಕೈಚಾಚಿದರು.

"ಉಳಿದ ಕೆನ್ನೆಗೆ ಒಂದು ಚೊಂಬು ನೀರು ಕೊಡಮ್ಮಾ."