ಮೊಲ ಹೋದಲ್ಲೆಲ್ಲ ಹಿಕ್ಕೆ ಬಿಡುವುದೇಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ನೆಲ ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ಭೂಮಿತಾಯಿ ಆಗ ಮೊಲಗಳನ್ನು ಮಾಡುತ್ತಿದ್ದಳು.

ಒಂದೊಂದು ಮೊಲದೊಳಗೂ ಅವಳು ಒಂದು ನೂಲು ಸುತ್ತಿಟ್ಟಳು. ಕಣ್ಣಿಗೆ ಕಾಣದಷ್ಟು ಸಣ್ಣ ನೂಲು. ರಕ್ತದಲ್ಲಿ ಅದರ ಎಳೆ, ರೋಮದ ಬುಡದಲ್ಲಿ ಅದರ ಎಳೆ, ಕೊನೆಗೆ ಹಿಕ್ಕೆಯಲ್ಲೂ ಅದರ ಎಳೆ.

ಮೊದಲು ಎರೆಮಣ್ಣಿನ ಬಯಲಿಗೆ ಮೊಲಗಳನ್ನು ಇಳಿಸಿದಳು. ಅವಳ ಕೈಯೆಲ್ಲ ಕಪ್ಪು ಮಣ್ಣು. ಹಿಡಿದು ಎತ್ತಿದಲ್ಲಿ, ಕತ್ತಿನ ಹಿಂದೆ, ಆ ಕಪ್ಪು ಉಳಿದುಬಿಟ್ಟಿತು. ಆಮೇಲೆ ಹಳ್ಳದಲ್ಲಿ ಕೈ ತೊಳೆದುಕೊಂಡು ಕಲ್ಲುಹರಳಿನ ಗರಸು ನೆಲಕ್ಕೆ ಇನ್ನಷ್ಟು ಮೊಲಗಳನ್ನು ಇಳಿಸಿದಳು. ಅವುಗಳ ಕತ್ತು ಒಣಹುಲ್ಲಿನ ಬಣ್ಣದ್ದೇ ಆಯಿತು. ಯಾರೊಳಗೆ ಯಾವ ನೂಲಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಎರೆಬಯಲಿನ ಹುಲ್ಲಿಗೆ ಬೆಂಕಿ ಬಿತ್ತು. ಎರೆಯವ್ವ ಎಂಬ ತಾಯಿಮೊಲ ಎರಡು ಮರಿಗಳನ್ನು ಕಟ್ಟಿಕೊಂಡು ಗರಸು ನೆಲಕ್ಕೆ ಓಡಿ ಬಂದಳು. ಅಡಗಲು ಅಲ್ಲಿದ್ದದ್ದು ಒಂದೇ ಒಂದು ಮುಳ್ಳಿನ ಕಾರೆ ಪೊದೆ. ಅದರ ತುಂಬ ಗರಸು ನೆಲದ ಮೊಲಗಳು. ಪೊದೆಯ ಬಾಯಲ್ಲಿ ಅವುಗಳ ಹಿರಿಯ, ಗರಸಜ್ಜ.

ಇದು ನಮ್ಮ ಕುಲದ ಪೊದೆ, ಬೇರೆಯವರಿಗೆ ಜಾಗವಿಲ್ಲ ಎಂದ ಗರಸಜ್ಜ.

"ನಿನ್ನ ಕತ್ತು ನೀನು ನೋಡಿಕೊಂಡಿದ್ದೀಯಾ?" ಎಂದೂ ಕೇಳಿದ.

"ನನ್ನ ಕತ್ತು ನನಗೆ ಹೇಗೆ ಕಾಣಬೇಕು, ಅಜ್ಜಾ?"

ಒಳಗೆ ಯಾರೋ ಕಿಸಕ್ಕೆಂದರು. ಗರಸಜ್ಜ ನಗಲಿಲ್ಲ.

ಅಷ್ಟರಲ್ಲಿ ಗಾಳಿ ಬಂತು. ಹಳ್ಳದಾಚೆ ತೋಳ ಎದ್ದಿದೆ, ಅದರ ಮೂಗು ಇತ್ತಲೇ ತಿರುಗಿದೆ ಎಂದಿತು.

ಅಲ್ಲೇ ಉಂಡೆ ಉರುಳಿಸುತ್ತಿದ್ದ ಸಗಣಿಹುಳ ನಿಂತಿತು. ನೂಲು ಓದಲು ಆ ಬಯಲಲ್ಲಿ ಅದಕ್ಕೊಂದಕ್ಕೇ ಬರುತ್ತಿತ್ತು. ಕತ್ತಿನ ಮಾತು ಬಿಡಿ, ಹಿಕ್ಕೆ ಕೊಡಿ, ಯಾರಿಗೆ ಯಾರು ಏನಾಗಬೇಕೆಂದು ಹೇಳುತ್ತೇನೆ ಎಂದಿತು.

ಗರಸಜ್ಜ ಒಪ್ಪಿದ. "ಮೊದಲು ನನ್ನದು ನೋಡು. ಗರಸು ಮೊಲ ಅಂದರೆ ಏನೆಂದು ಅದರಲ್ಲೇ ತಿಳಿಯುತ್ತದೆ. ಅದಕ್ಕೆ ಹೊಂದದವರು ಹೊರಗೆ."

ಹುಳ ಅವನದನ್ನು ಬಿಡಿಸಿ ಓದಿತು. ಎರೆಯವ್ವನದನ್ನು ಬಿಡಿಸಿ ಓದಿತು.

ತೋಳ ಹಳ್ಳಕ್ಕಿಳಿಯಿತು ಎಂದಿತು ಗಾಳಿ.

"ಹೊಂದುವುದಿಲ್ಲ," ಎಂದಿತು ಹುಳ.

ಎರೆಯವ್ವ ಮರಿಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡಳು. ಓಡಲು ಅವುಗಳ ಕಾಲಲ್ಲಿ ಬಲ ಉಳಿದಿರಲಿಲ್ಲ.

ಹುಳಕ್ಕೆ ಮಾತ್ರ ಸಮಾಧಾನವಾಗಲಿಲ್ಲ. ಎರಡನ್ನೇ ನೋಡಿ ತೀರ್ಪು ಹೇಳಲಾಗದು, ಒಳಗಿನವರದೂ ಬೇಕು ಎಂದಿತು. ಒಳಗಿನವರು ತೋಳದ ಹೆಸರು ಕೇಳಿದಾಗಿನಿಂದ ನಡುಗುತ್ತಿದ್ದರು. ಹಿಕ್ಕೆಗೆ ಕೊರತೆಯಿರಲಿಲ್ಲ.

ಹುಳ ಒಂದನ್ನು ಓದಿತು. ಇನ್ನೊಂದನ್ನು ಓದಿತು. ಮತ್ತೊಂದನ್ನು ಓದಿತು.

ತೋಳ ಹಳ್ಳ ದಾಟಿತು ಎಂದಿತು ಗಾಳಿ.

"ಇವರೆಲ್ಲರ ನೂಲೂ ಎರೆಯವ್ವನ ನೂಲೂ ಒಂದೇ," ಎಂದಿತು ಹುಳ. "ಹೊಂದದಿರುವುದು ನಿನ್ನದು, ಅಜ್ಜಾ."

ಗರಸಜ್ಜ ತಾನು ಆಡಿದ ಮಾತನ್ನು ನೆನೆದ. ಎದ್ದು ಪೊದೆಯ ಬಾಯಿಂದ ಸರಿದು ಬಯಲಿಗೆ ಬಂದ. ಎರೆಯವ್ವ ಮರಿಗಳನ್ನು ಒಳಗೆ ತಳ್ಳಿದಳು. ತಾನೂ ನುಗ್ಗಿದಳು. ಆಮೇಲೆ ತಿರುಗಿ ನೋಡಿದಳು.

"ಮರಿಗಳು ಸಣ್ಣವು, ಅಜ್ಜಾ. ಜಾಗ ಇದೆ. ಬೇಗ."

ಅವನು ಒಳಗೆ ಕಾಲಿಟ್ಟದ್ದೂ ತೋಳ ಬಂದದ್ದೂ ಒಟ್ಟಿಗೇ. ಅದು ಪೊದೆಯನ್ನು ಒಂದು ಸುತ್ತು ಹಾಕಿತು. ಎಲೆಗಳ ನಡುವೆ ಮೂಗು ತೂರಿಸಿತು. ಅದರ ಬಿಸಿಯುಸಿರು ಗರಸಜ್ಜನ ಕಿವಿಗೆ ತಾಗಿತು. ಕಾರೆ ಮುಳ್ಳು ತೋಳದ ಮೂಗಿಗೆ ಚುಚ್ಚಿತು. ತೋಳ ಮೂಗು ನೆಕ್ಕಿಕೊಂಡು ಹೊರಟುಹೋಯಿತು.

ಬಹಳ ಹೊತ್ತಿನ ಮೇಲೆ ಗರಸಜ್ಜ ಮೆಲ್ಲಗೆ ಕೇಳಿದ. "ಹಾಗಾದರೆ ನಾನು ಯಾರು?"

"ಗೊತ್ತಿಲ್ಲ," ಎಂದಿತು ಹುಳ. "ನಿನ್ನಂಥ ನೂಲನ್ನು ನಾನು ಓದಿಲ್ಲ. ನಿನ್ನವರು ಎಲ್ಲೋ ಇರಬೇಕು. ಹೋದಲ್ಲೆಲ್ಲ ಹಿಕ್ಕೆ ಬಿಡಿ ಎಂದು ಎಲ್ಲ ಮೊಲಗಳಿಗೂ ಹೇಳು. ಓದುವವರು ಓದುತ್ತಾರೆ."

ಆ ನೂಲಿಗೆ ಈಗ ಡಿಎನ್‌ಎ ಎನ್ನುತ್ತಾರೆ, ಮಗು. ಮೊಲಗಳು ಇಂದಿಗೂ ಬಯಲ ತುಂಬ ಹಿಕ್ಕೆ ಬಿಟ್ಟು ಹೋಗುತ್ತವೆ. ಬೆಳಿಗ್ಗೆ ನೀನು ನೋಡಿದ ಆ ಅಕ್ಕ, ಕೈಗವಸು ಹಾಕಿಕೊಂಡು ಮಂಡಿಯೂರಿ ಅವನ್ನು ಸಣ್ಣ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳಲ್ಲ, ಅವಳು ಹುಡುಕುತ್ತಿರುವುದು ಗರಸಜ್ಜನ ನೆಂಟರನ್ನು.