ಇಪ್ಪತ್ತು ಬಾರಿ ಕಲಾಯಿ ಕಂಡ ತಪ್ಪಲೆ

"ಗುರುಗಳೇ, ಮೊಬೈಲಿನಲ್ಲಿ ನನ್ನ ಅಂಗಡಿಯ ಪುಟವನ್ನು ಫಾಲೋ ಮಾಡುವವರು ಹೆಚ್ಚಬೇಕು. ಬಹುಮಾನ ಹಂಚದೆ, ಬೆಲೆ ಇಳಿಸದೆ ಅದು ಸಾಧ್ಯವೇ?"

ಹಪ್ಪಳದ ವ್ಯಾಪಾರಿಯಾದ ಶಿಷ್ಯ ಹೀಗೆ ಕೇಳಿದಾಗ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಲಾಯಿಗಾರನಿದ್ದ. ತಾಮ್ರದ ಪಾತ್ರೆಯ ಒಳಮೈಗೆ ತವರ ಬಳಿಯುವುದು ಅವನ ಕಸುಬು. ಮನೆಮನೆಗೂ ಸ್ಟೀಲ್ ಬಂದ ಮೇಲೆ ಅವನ ಕುಲುಮೆಯ ಕಡೆ ತಲೆ ಹಾಕುವವರೇ ಇಲ್ಲವಾದರು. ಉಳಿದವಳು ಒಬ್ಬ ಮುದುಕಿ. ಅವಳು ತನ್ನ ತವರುಮನೆಯ ತಪ್ಪಲೆ ತಂದಿಟ್ಟು, ಎಂಟು ದಿನದಲ್ಲಿ ಮೊಮ್ಮಗಳ ಸೀಮಂತವಿದೆ, ಪಾಯಸಕ್ಕೆ ಇದೇ ಬೇಕು ಎಂದು ಹೇಳಿ ಹೋದಳು.

ಅವನು ಕಲಾಯಿ ಹಾಕುವುದನ್ನು ಪಕ್ಕದ ಅಂಗಡಿಯವನು ಕಂಡ. "ಇದನ್ನು ವಿಡಿಯೊ ಮಾಡಿ ಹಾಕು ಮಾರಾಯ. ಕಪ್ಪು ಪಾತ್ರೆ ಕಣ್ಣೆದುರೇ ಬೆಳ್ಳಗಾಗುತ್ತದೆ. ನೋಡದವರು ಯಾರು?"

ಅವನು ಹಾಕಿದ. ಮರುದಿನಕ್ಕೆ ಸಾವಿರ ಜನ ನೋಡಿದ್ದರು. ಇನ್ನೊಂದು ಹಾಕಿ ಎಂದು ಬರೆದರು. ಹಾಕಲು ಅವನ ಬಳಿ ಬೇರೆ ಪಾತ್ರೆ ಇರಲಿಲ್ಲ. ಹಾಕಿದ ಕಲಾಯಿಯನ್ನು ಮರಳಿನಲ್ಲಿ ಉಜ್ಜಿ ತೆಗೆದ, ಬೆಂಕಿಯಲ್ಲಿ ಕಪ್ಪಾಗಿಸಿದ, ಮತ್ತೆ ಕಲಾಯಿ ಹಾಕಿ ವಿಡಿಯೊ ಮಾಡಿದ. ಮರುದಿನವೂ ಹಾಗೆಯೇ ಮಾಡಿದ. ದಿನಕ್ಕೆ ಮೂರು ಸಲ ಮಾಡಿದ ದಿನವೂ ಉಂಟು. ಯಾರಿಗೂ ಏನೂ ಹಂಚದೆ, ಬರೀ ಕೈಚಳಕಕ್ಕೆ ಜನ ಸೇರುತ್ತಿದ್ದಾರೆಂದು ಅವನ ಎದೆ ಉಬ್ಬಿತ್ತು. ಮುದುಕಿ ಬಂದಾಗಲೆಲ್ಲ "ನಾಳೆ ಬನ್ನಿ ಅಮ್ಮ" ಎಂದ.

ಇಪ್ಪತ್ತನೆಯ ಸಲ, ಹತ್ತಿಯಿಂದ ಕರಗಿದ ತವರ ಬಳಿಯುವಾಗ, ಉಜ್ಜಿ ಉಜ್ಜಿ ತೆಳುವಾಗಿದ್ದ ತಪ್ಪಲೆಯ ತಳ ತೂತಾಗಿ ಅವನ ಬೆರಳು ಆಚೆ ಬಂತು. ಚರ್ಮ ಸುಟ್ಟಿತು. ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಆ ವಿಡಿಯೊವನ್ನೇ.

ಸೀಮಂತದ ಹಿಂದಿನ ದಿನ ಮುದುಕಿ ಬಂದಳು. ತಪ್ಪಲೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಇದನ್ನು ಎಷ್ಟು ಜನ ನೋಡಿದರಪ್ಪ?"

"ನಲವತ್ತು ಸಾವಿರ, ಅಮ್ಮ."

"ಅಷ್ಟು ಜನರಲ್ಲಿ ಒಬ್ಬರ ಮನೆಯಲ್ಲಾದರೂ ತಾಮ್ರದ ಪಾತ್ರೆ ಇದೆಯೇ?"

ಅವನಿಗೆ ಗೊತ್ತಿರಲಿಲ್ಲ. ಅದನ್ನು ಕೇಳಬೇಕೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಬೈಯಲಿಲ್ಲ. ತುಂಬಿದ ಪಾತ್ರೆಯನ್ನು ಒಯ್ಯುವವಳಂತೆ ಅದನ್ನು ಸೊಂಟದ ಮೇಲಿಟ್ಟುಕೊಂಡು ಹೋದಳು. ಮತ್ತೆ ಬರಲಿಲ್ಲ. ಅವಳ ನಂತರ ಇನ್ನಾರೂ ಬರಲಿಲ್ಲ. ಮೊಬೈಲಿನಲ್ಲಿ ಜನ ಇನ್ನೊಂದು, ಇನ್ನೊಂದು ಎಂದು ಕೇಳುತ್ತಲೇ ಇದ್ದರು. ಅವನು ಕುಲುಮೆಗೆ ನೀರು ಸುರಿದ.

ಶಿಷ್ಯ ಕೇಳಿದ: "ಅವನ ಗತಿ ಏನೇ ಆಗಲಿ ಗುರುಗಳೇ, ಏನನ್ನೂ ಕೊಡದೆ ನಲವತ್ತು ಸಾವಿರ ಜನರನ್ನು ಸೇರಿಸಿದನಲ್ಲವೇ?"

ಗುರುಗಳು ಹೇಳಿದರು: "ಕೊಡದೆ ಏನು, ಆ ಮುದುಕಿಯ ತಪ್ಪಲೆಯನ್ನು ಕೊಟ್ಟನಲ್ಲ."